ಹಾರ್ಮೋನ್ ಪುಡಿ: ಪ್ರಯೋಗಾಲಯಗಳಲ್ಲಿ ಎಚ್ಚರ ಸಾಲದು

ಮಾನ್ಯ ಸಂಪಾದಕರೇ,

ಕಾಲೇಜುಗಳ ಮತ್ತು ಕಾರ್ಖಾನೆಗಳ ಪ್ರಯೋಗಾಲಯಗಳಲ್ಲಿ ಅವಘಡ ನಡೆದಾಗಲೆಲ್ಲ ನಿಮ್ಮ ಪತ್ರಿಕೆ ಅದನ್ನು ವರದಿ ಮಾಡುತ್ತ ಬಂದಿದೆ. ಆದರೆ ಸುದ್ದಿಯಾಗುವುದು ಬೆಂಕಿ, ಸ್ಫೋಟ, ಆ್ಯಸಿಡ್ ಗಾಯ, ಅನಿಲ ಸೋರಿಕೆ, ಇಷ್ಟೇ. ಸದ್ದಿಲ್ಲದೆ, ವಾಸನೆಯಿಲ್ಲದೆ, ಮುಟ್ಟಿದ ಕೈಗೆ ಒಂದಿಷ್ಟು ಉರಿಯನ್ನೂ ಕೊಡದೆ ದೇಹಕ್ಕೆ ಇಳಿಯುವ ಒಂದು ವರ್ಗದ ರಾಸಾಯನಿಕಗಳ ಬಗ್ಗೆ ಎಲ್ಲಿಯೂ ಮಾತು ಕೇಳಿಬರುವುದಿಲ್ಲ. ಬೆಂಗಳೂರಿನ ಹೊರವಲಯದ ಔಷಧ ಪರೀಕ್ಷಾ ಪ್ರಯೋಗಾಲಯಗಳಲ್ಲಿ 27 ವರ್ಷ ಅನಲಿಸ್ಟ್ ಆಗಿ ದುಡಿದು ನಿವೃತ್ತನಾದ ನಾನು, ದೇಹದ ಹಾರ್ಮೋನ್‌ಗಳ ಮೇಲೆ ಕೆಲಸ ಮಾಡುವ ಸಂಶ್ಲೇಷಿತ, ಅಂದರೆ ಕೃತಕವಾಗಿ ತಯಾರಿಸಿದ, ಸ್ಟೀರಾಯ್ಡ್‌ಗಳ ಪುಡಿಯನ್ನು ನಾವು ಎಷ್ಟು ಹಗುರವಾಗಿ ಕಾಣುತ್ತೇವೆ ಎಂಬುದನ್ನು ನಿಮ್ಮ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಸ್ಟೀರಾಯ್ಡ್ ಎಂಬ ಮಾತು ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದು ಜಿಮ್ ಹುಡುಗರ ಅಥವಾ ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದ ಕ್ರೀಡಾಪಟುಗಳ ಸಂದರ್ಭದಲ್ಲಿ. ಆದರೆ ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಆ ಇಂಗಾಲದ ಚೌಕಟ್ಟಿನ ಮೇಲೆ ನಿಂತ ಔಷಧಗಳ ಸಂಸಾರ ಬಹಳ ದೊಡ್ಡದು. ಗರ್ಭನಿರೋಧಕ ಮಾತ್ರೆಯಲ್ಲಿರುವ ಎಥಿನೈಲ್ ಎಸ್ಟ್ರಾಡಯಾಲ್ ಮತ್ತು ಲೆವೊನಾರ್ಜೆಸ್ಟ್ರೆಲ್, ಕೋವಿಡ್ ಕಾಲದಲ್ಲಿ ಮನೆಮಾತಾದ ಡೆಕ್ಸಾಮೆಥಸೋನ್, ಪ್ರಾಸ್ಟೇಟ್ ಊತಕ್ಕೂ ಗಂಡಸರ ಕೂದಲು ಉದುರುವುದಕ್ಕೂ ಕೊಡುವ ಫಿನಾಸ್ಟೆರೈಡ್, ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್‌ನ ಕೃತಕ ರೂಪವಾದ ಮೀಥೈಲ್ ಟೆಸ್ಟೋಸ್ಟೆರಾನ್, ಎಲ್ಲವೂ ಅದೇ ಸಂಸಾರಕ್ಕೆ ಸೇರಿದವು. ಇವು ಮಾತ್ರೆಯಾಗಿ, ಇಂಜೆಕ್ಷನ್ ಆಗಿ ಅಂಗಡಿಗೆ ಬರುವ ಮುನ್ನ ಶುದ್ಧ ಪುಡಿಯ ರೂಪದಲ್ಲಿ ಹತ್ತಾರು ಕೈಗಳನ್ನು ದಾಟಿ ಬರುತ್ತವೆ. ಆ ಕೈಗಳ ಪೈಕಿ ಹೆಚ್ಚಿನವು ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ, ಎಂ.ಎಸ್ಸಿ. ಅಥವಾ ಬಿ.ಫಾರ್ಮಾ ಮುಗಿಸಿ ಮೊದಲ ಸಂಬಳ ಎಣಿಸುತ್ತಿರುವ ಮಕ್ಕಳವು.

ಅಪಾಯವನ್ನು ಅಳೆಯಲು ನಾವು ಹಿಡಿದಿರುವ ಅಳತೆಗೋಲೇ ತಪ್ಪು ಎಂಬುದು ನನ್ನ ಮುಖ್ಯ ಆಕ್ಷೇಪ. ವಿಷ ಎಂದರೆ ತಿಂದೊಡನೆ ಸಾಯಿಸಬೇಕು, ಅಪಾಯಕಾರಿ ಎಂದರೆ ಬಾಟಲಿಯ ಮೇಲೆ ತಲೆಬುರುಡೆಯ ಚಿತ್ರವಿರಬೇಕು ಎಂಬುದು ನಮ್ಮ ರೂಢಿಯ ತಿಳಿವಳಿಕೆ. ಈ ಲೆಕ್ಕದಲ್ಲಿ ಸ್ಟೀರಾಯ್ಡ್‌ಗಳು ಬಹುಮಟ್ಟಿಗೆ ಸಾಧು ಪದಾರ್ಥಗಳೇ ಸರಿ, ಏಕೆಂದರೆ ಇಲಿಗಳಿಗೆ ಒಮ್ಮೆಲೇ ದೊಡ್ಡ ಪ್ರಮಾಣದಲ್ಲಿ ತಿನ್ನಿಸಿದರೂ ಅವು ಸುಲಭವಾಗಿ ಸಾಯುವುದಿಲ್ಲ. ಹಾಗಾಗಿ ಬಾಟಲಿಯ ಮೇಲೆ ತಲೆಬುರುಡೆ ಇರುವುದಿಲ್ಲ. ಅದರ ಬದಲು ಎದೆಯಲ್ಲಿ ನಕ್ಷತ್ರ ಸಿಡಿದಂತಿರುವ ಮನುಷ್ಯನ ಅರ್ಧಚಿತ್ರವಿರುತ್ತದೆ. ಸಂತಾನಶಕ್ತಿಗೆ ಅಥವಾ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ, ಕ್ಯಾನ್ಸರ್‌ನ ಶಂಕೆ, ದೀರ್ಘಕಾಲದಲ್ಲಿ ಅಂಗಾಂಗಗಳಿಗೆ ತೊಂದರೆ ಮುಂತಾದವನ್ನು ಸೂಚಿಸುವ ಚಿತ್ರ ಅದು. ಆ ಚಿತ್ರದ ಅರ್ಥವೇನೆಂದು ನಾನು ಸಂದರ್ಶನಗಳಲ್ಲಿ ಕೇಳುತ್ತಿದ್ದೆ. ಸರಿಯಾದ ಉತ್ತರ ಕೊಟ್ಟವರನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದು.

ಇನ್ನು ಪ್ರಮಾಣದ ವಿಚಾರ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಮಾತ್ರೆ ನಮ್ಮ ಹೆಣ್ಣುಮಕ್ಕಳಿಗೆ ಪರಿಚಿತವಾದದ್ದೇ. ಅದರ ಒಂದು ಹಾರ್ಮೋನ್ ಮಾತ್ರೆಯಲ್ಲಿರುವ ಎಥಿನೈಲ್ ಎಸ್ಟ್ರಾಡಯಾಲ್ 0.03 ಮಿಲಿಗ್ರಾಂ, ಅಂದರೆ 30 ಮೈಕ್ರೋಗ್ರಾಂ. ಒಬ್ಬ ಹೆಂಗಸಿನ ಇಡೀ ದೇಹದ ಋತುಚಕ್ರವನ್ನು ಹಿಡಿದು ನಿಲ್ಲಿಸುವುದಕ್ಕೆ, 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಜೊತೆಗೂಡಿದರೆ, ದಿನಕ್ಕೆ ಅಷ್ಟು ಸಾಕು. ಈಗ ನಮ್ಮ ಪ್ರಯೋಗಾಲಯದ ಸಾಮಾನ್ಯ ಅನಲಿಟಿಕಲ್ ಬ್ಯಾಲೆನ್ಸ್, ಅಂದರೆ ಸೂಕ್ಷ್ಮ ತಕ್ಕಡಿಯನ್ನು ನೋಡಿ. ಅದು ತೋರಿಸುವ ಕೊನೆಯ ಅಂಕಿ 0.1 ಮಿಲಿಗ್ರಾಂ, ಅದೇ ಮೂರು ಮಾತ್ರೆಗಿಂತ ಹೆಚ್ಚಾಯಿತು. ಬ್ಯಾಲೆನ್ಸ್‌ನ ಕಣ್ಣಿಗೇ ಬೀಳದಷ್ಟು ಪುಡಿ ಮೇಜಿನ ಮೇಲೆ ಚೆಲ್ಲಿದರೂ ಅದು ಒಂದು ದಿನದ ಔಷಧ. ಸ್ಟ್ಯಾಂಡರ್ಡ್ ದ್ರಾವಣಕ್ಕೆಂದು (ಸ್ಯಾಂಪಲನ್ನು ಹೋಲಿಸಿ ನೋಡಲು ಮಾಡುವ, ಪ್ರಮಾಣ ತಿಳಿದ ದ್ರಾವಣ) ಪುಡಿ ಎತ್ತುವ ಪುಟ್ಟ ಚಮಚೆಯಾದ ಸ್ಪ್ಯಾಚುಲಾದ ತುದಿಯಲ್ಲಿ ಎತ್ತುವ 10 ಮಿಲಿಗ್ರಾಂನಲ್ಲಿ ಮುನ್ನೂರಕ್ಕೂ ಮಿಕ್ಕ ಮಾತ್ರೆಗಳಿವೆ. ಒಂದು ಗ್ರಾಂನ ಪುಟ್ಟ ಶೀಷೆಯಲ್ಲಿ 33 ಸಾವಿರಕ್ಕೂ ಹೆಚ್ಚು. ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಬೇಡಿ ಎಂದು ಹೇಳುವ ನಾವೇ ಶೀಷೆಯನ್ನು ಬರಿಗೈಯಲ್ಲಿ ಬಿಚ್ಚುತ್ತೇವೆ.

ಇದು ಬರಿಯ ಊಹೆಯ ಭಯವಲ್ಲ. 1970ರ ದಶಕದಲ್ಲಿ ಅಮೆರಿಕದ ಆಡಳಿತಕ್ಕೆ ಒಳಪಟ್ಟ ಪೋರ್ಟೊ ರಿಕೊ ದ್ವೀಪದ ಗರ್ಭನಿರೋಧಕ ಮಾತ್ರೆಗಳ ಕಾರ್ಖಾನೆಯೊಂದರಲ್ಲಿ ಅಮೆರಿಕದ ಆರೋಗ್ಯ ಅಧಿಕಾರಿಗಳು ತನಿಖೆ ನಡೆಸಿದಾಗ, ಅಲ್ಲಿ ದುಡಿಯುತ್ತಿದ್ದ ಗಂಡಸರಲ್ಲಿ ಸ್ತನ ಬೆಳೆದಿದ್ದುದೂ ಹೆಂಗಸರಲ್ಲಿ ಎರಡು ಮುಟ್ಟುಗಳ ನಡುವೆ ರಕ್ತಸ್ರಾವವಾಗುತ್ತಿದ್ದುದೂ ಪತ್ತೆಯಾಯಿತು. 1978ರಲ್ಲಿ ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕದಲ್ಲಿ, ಡೆಕ್ಸಾಮೆಥಸೋನ್ ಜಾತಿಯ ಸಂಶ್ಲೇಷಿತ ಸ್ಟೀರಾಯ್ಡ್‌ಗಳನ್ನು ತಯಾರಿಸುವ ಕಾರ್ಮಿಕರ ಮೂತ್ರಪಿಂಡಗಳ ಮೇಲಿರುವ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿಗಳೇ ಮಂಕಾಗಿದ್ದ ಸಂಗತಿ ಪ್ರಕಟವಾಯಿತು; ಒಂದು ಮಾತ್ರೆಯನ್ನೂ ನುಂಗದ ಅವರ ದೇಹ, ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರ ದೇಹದಂತೆ ತನ್ನ ಸ್ವಂತ ಹಾರ್ಮೋನನ್ನು ಮಾಡುವುದನ್ನು ಕಡಿಮೆ ಮಾಡಿತ್ತು. ಚರ್ಮದ ಮೂಲಕ ಇವು ಎಷ್ಟು ಸಲೀಸಾಗಿ ದಾಟುತ್ತವೆ ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಂಡ ದೊಡ್ಡವರ ಮೈ ಸೋಕಿದ ಪುಟ್ಟ ಮಕ್ಕಳಲ್ಲಿ ಅಕಾಲಿಕ ಪ್ರೌಢತೆಯ ಲಕ್ಷಣಗಳು ಕಾಣಿಸಿಕೊಂಡವೆಂದು 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಜೆಲ್‌ನ ಪೊಟ್ಟಣದ ಮೇಲೆ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಅಚ್ಚು ಹಾಕಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡ್‌ಗಳನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿನಲ್ಲಿ ಇರಿಸಿದೆ. ಅದು ಔಷಧವಾಗಿ ಸೇವಿಸಿದವರನ್ನು ನೋಡಿ ಹೇಳಿದ ಮಾತು, ನಿಜ. ಧೂಳು ಸೋಕಿದವರೆಲ್ಲರಿಗೂ ಅದೇ ಗತಿ ಎಂದು ನಾನು ಹೆದರಿಸಲು ಹೊರಟಿಲ್ಲ.

ನನ್ನ ಕಣ್ಣೆದುರಿನ ಒಂದು ಪ್ರಸಂಗವನ್ನು ಹೇಳಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದೆಡೆ, ಹೆಸರು ಬೇಡ, ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಿನ ಸ್ಯಾಂಪಲ್‌ಗಳ ತೂಕದ ಕೆಲಸವನ್ನು ಹೆಚ್ಚುಕಡಿಮೆ ಒಬ್ಬನೇ ಹುಡುಗ ಮಾಡುತ್ತಿದ್ದ. ಕೈ ಚುರುಕು, ಲೆಕ್ಕ ಚೊಕ್ಕ, ಹಾಗಾಗಿ ಎಲ್ಲರೂ ಅವನಿಗೇ ಒಪ್ಪಿಸುತ್ತಿದ್ದೆವು. ಐದಾರು ತಿಂಗಳ ಮೇಲೆ ಅವನು ಸದಾ ಭುಜ ಮುದುಡಿಕೊಂಡು, ಸಡಿಲವಾದ ಅಂಗಿ ತೊಟ್ಟು ಬರತೊಡಗಿದ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ, "ಸರ್, ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು, ನಗಬಾರದು" ಎಂದ. ಎದೆಯ ಎರಡೂ ಕಡೆ ಗಂಟು ಕಟ್ಟಿದೆ, ಮುಟ್ಟಿದರೆ ನೋವು ಎಂದ. ಅವನು ಅಷ್ಟರೊಳಗೆ ಇಬ್ಬರು ವೈದ್ಯರನ್ನು ಕಂಡಿದ್ದ. ತೂಕ, ತಿಂಡಿ, ಕುಡಿತ, ಮದುವೆ, ಮನೆಯವರ ಆರೋಗ್ಯ, ಎಲ್ಲವನ್ನೂ ಅವರು ಕೇಳಿದ್ದರಂತೆ. ಏನು ಕೆಲಸ ಮಾಡುತ್ತೀಯ ಎಂದು ಕೇಳಿರಲಿಲ್ಲ. ಅವನನ್ನು ಆ ಕೆಲಸದಿಂದ ಬಿಡಿಸಿದ ಮೇಲೆ ನೋವು ಕ್ರಮೇಣ ತಗ್ಗಿತು. ಕಾರಣ ಆ ಪುಡಿಯೇ ಎಂದು ಕೋರ್ಟಿನಲ್ಲಿ ರುಜುವಾತು ಮಾಡಲು ನನ್ನಿಂದಾಗದು. ಆದರೆ ಅವನು ತೂಕ ಮಾಡುತ್ತಿದ್ದ ಮೇಜನ್ನು ಅಂದಿನಿಂದ ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಆ ಮೇಜಿನ ಮೇಲೆ ನಡೆಯುವುದಾದರೂ ಏನು? ಸ್ಟೀರಾಯ್ಡ್ ಪುಡಿ ಬಹಳ ನಯ, ಅದರಲ್ಲೂ ಯಂತ್ರದಲ್ಲಿ ಅರೆದು ಮೈಕ್ರೋನೈಸ್ ಮಾಡಿದ್ದಾದರೆ ಹೇಳುವುದೇ ಬೇಡ. ಡಿಸೆಂಬರ್, ಜನವರಿಯ ಒಣಹವೆಯಲ್ಲಿ ಅದಕ್ಕೆ ಸ್ಥಿರವಿದ್ಯುತ್ತು ತುಂಬಿಕೊಂಡು, ಸ್ಪ್ಯಾಚುಲಾ ಹತ್ತಿರ ತಂದರೆ ಸಾಕು, ತಾನಾಗಿ ಹಾರಿ ಬ್ಯಾಲೆನ್ಸ್‌ನ ಗಾಜಿಗೆ ಅಂಟಿಕೊಳ್ಳುತ್ತದೆ. ಬಟರ್ ಪೇಪರಿನ ಮೇಲೆ ತೂಗಿ, ಅದನ್ನು ಮಡಿಸಿ, ಫ್ಲಾಸ್ಕಿನ ಕತ್ತಿಗೆ ತಟ್ಟಿ ತಟ್ಟಿ ಸುರಿಯುವುದು ನಮ್ಮ ಪದ್ಧತಿ. ಪ್ರತಿ ತಟ್ಟಿಗೂ ಕಾಣದ ಒಂದು ಮೋಡ ಏಳುತ್ತದೆ. ಚೆಲ್ಲಿದ್ದನ್ನು ಬ್ರಷ್‌ನಿಂದ ಗುಡಿಸುವವರಿದ್ದಾರೆ, ಬಾಯಿಂದ ಊದುವವರೂ ಇದ್ದಾರೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಗಾಳಿ ಹೀರುವ ಫ್ಯೂಮ್ ಹುಡ್ ಇದ್ದರೂ ಅದರೊಳಗೆ ಬ್ಯಾಲೆನ್ಸ್ ಇಟ್ಟರೆ ಅಂಕಿ ನಿಲ್ಲುವುದಿಲ್ಲವೆಂದು ಹೊರಗೇ ತೂಗುತ್ತಾರೆ, ಇಲ್ಲವೇ ಹುಡ್‌ನ ಮೋಟಾರನ್ನೇ ಆರಿಸುತ್ತಾರೆ. ಇದಕ್ಕಿಂತ ಕೆಟ್ಟದ್ದು, ಸೂಕ್ಷ್ಮಜೀವಿ ವಿಭಾಗದ ಲ್ಯಾಮಿನಾರ್ ಮೇಜಿಗೆ ಹೋಗಿ ಕೂರುವುದು. ಆ ಮೇಜು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್‌ನಲ್ಲಿ ಶುದ್ಧಗೊಂಡ ಗಾಳಿಯನ್ನು ಹಿಂಬದಿಯಿಂದ ನೇರವಾಗಿ ಕುಳಿತವರ ಮುಖಕ್ಕೆ ಬೀಸುತ್ತದೆ. ಅದು ಕಾಪಾಡುವುದು ಸ್ಯಾಂಪಲನ್ನು, ಮನುಷ್ಯರನ್ನಲ್ಲ. 'ಶುದ್ಧ ಗಾಳಿಯ ಮೇಜು' ಎಂಬ ಹೆಸರಿಗೆ ಮರುಳಾಗಿ ಪಾಠ ಹೇಳುವವರೇ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಾಲೇಜುಗಳಲ್ಲಿ ಕಂಡಿದ್ದೇನೆ.

ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವೆಂದು ನಾನು ಕೊನೆಯ ಕೆಲವು ವರ್ಷ ಹೊಸಬರಿಗೆ ಒಂದು ಆಟ ಆಡಿಸುತ್ತಿದ್ದೆ. ಲ್ಯಾಕ್ಟೋಸ್ ಪುಡಿಗೆ ಒಂದಿಷ್ಟು ರೈಬೋಫ್ಲೇವಿನ್, ಅಂದರೆ ಬಿ-2 ಜೀವಸತ್ವ ಬೆರೆಸಿ, ಇದು ಸ್ಯಾಂಪಲ್, ತೂಗಿ ಕೊಡಿ ಎನ್ನುತ್ತಿದ್ದೆ. ಅವರು ತಮ್ಮ ಮಾಮೂಲಿ ರೀತಿಯಲ್ಲಿ ತೂಗಿ, ಗ್ಲೌಸ್ ಕಳಚಿ, ಲಾಗ್‌ಬುಕ್ ಬರೆದು ಮುಗಿಸಿದ ಮೇಲೆ, ಸಣ್ಣ ಸ್ಪ್ರೇ ಬಾಟಲಿಯಿಂದ ಎಲ್ಲೆಡೆ ನೀರಿನ ತುಂತುರು ಹಾಯಿಸಿ, ದೀಪ ಆರಿಸಿ, ಪ್ರಯೋಗಾಲಯದ ಯುವಿ (ಅತಿನೇರಳೆ) ದೀಪ ಹಿಡಿಯುತ್ತಿದ್ದೆ. ಒದ್ದೆಯಾದ ರೈಬೋಫ್ಲೇವಿನ್ ಆ ಬೆಳಕಿನಲ್ಲಿ ಹಳದಿ-ಹಸಿರಾಗಿ ಹೊಳೆಯುತ್ತದೆ. ಬ್ಯಾಲೆನ್ಸ್ ಬಾಗಿಲಿನ ಹಿಡಿ, ಪೆನ್ನು, ಲಾಗ್‌ಬುಕ್ಕಿನ ಮೂಲೆ, ಏಪ್ರನ್ ತೋಳಿನ ತುದಿ, ಕೊರಳಲ್ಲಿ ನೇತಾಡುವ ಐಡಿ ಕಾರ್ಡ್, ಮೊಬೈಲಿನ ಬೆನ್ನು ಎಲ್ಲವೂ ಮಿಣುಕುತ್ತಿದ್ದವು. ಒಮ್ಮೆ ಒಬ್ಬ ಹುಡುಗಿಯ ಮೂಗಿನ ಬದಿಯಲ್ಲಿ, ಜಾರಿದ ಕನ್ನಡಕವನ್ನು ಅವಳು ಮೇಲೆ ತಳ್ಳಿಕೊಂಡ ಜಾಗದಲ್ಲಿ, ಬೆರಳಿನ ಗುರುತು ಸ್ಪಷ್ಟವಾಗಿ ಬೆಳಗಿತು. ಕತ್ತಲಲ್ಲಿ ಯಾರೂ ಮಾತಾಡಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಎಲ್ಲಕ್ಕಿಂತ ಮೊದಲು, ಪುಡಿಯನ್ನೇ ತರದೆ ಇರಲು ಸಾಧ್ಯವೇ ಎಂದು ಯೋಚಿಸಬೇಕು. ಅನೇಕ ಹಾರ್ಮೋನ್ ಸ್ಟ್ಯಾಂಡರ್ಡ್‌ಗಳು ಅಳೆದು ಕರಗಿಸಿದ ದ್ರಾವಣವಾಗಿಯೇ ಸಿಗುತ್ತವೆ. ಬೆಲೆ ಹೆಚ್ಚೆನಿಸಿದರೂ ವಿದ್ಯಾರ್ಥಿಗಳ ಪ್ರಯೋಗಕ್ಕೆ ಅದೇ ಲೇಸು. ಪುಡಿ ಅನಿವಾರ್ಯವಾದರೆ, ಗಾಳಿಯನ್ನು ನಿಧಾನವಾಗಿ ಒಳಕ್ಕೆಳೆದು ಹೆಪಾ ಫಿಲ್ಟರ್ ಮೂಲಕ ಬಿಡುವ, ಬ್ಯಾಲೆನ್ಸ್ ಇಡಲೆಂದೇ ಮಾಡಿದ ಪೆಟ್ಟಿಗೆ ಬೇಕು. ಅತ್ಯಂತ ಪ್ರಬಲವಾದವಕ್ಕೆ ಕೈ ತೂರಿಸಿ ಕೆಲಸ ಮಾಡುವ ಮುಚ್ಚಿದ ಗ್ಲೋವ್ ಬಾಕ್ಸ್ ಬೇಕು. ಇವೆರಡೂ ಇಲ್ಲದ ಬಡ ಪ್ರಯೋಗಾಲಯಕ್ಕೂ ಒಂದು ದಾರಿಯಿದೆ. ಮುಚ್ಚಳವಿರುವ ಖಾಲಿ ವಯಲ್ (ಪುಟ್ಟ ಗಾಜಿನ ಶೀಷೆ) ಅನ್ನು ಮೊದಲು ಹೊರಗೆ ತೂಗಿ, ಫ್ಯೂಮ್ ಹುಡ್‌ನೊಳಗೆ ಅಂದಾಜಿನಿಂದ ಪುಡಿ ಹಾಕಿ ಮುಚ್ಚಿ, ವಯಲ್‌ನ ಹೊರಮೈಯನ್ನು ಒರೆಸಿ, ಮತ್ತೆ ಹೊರಗೆ ತಂದು ತೂಗಬೇಕು. ಎರಡು ತೂಕಗಳ ವ್ಯತ್ಯಾಸವೇ ಪುಡಿಯ ತೂಕ. ಕರಗಿಸುವುದೂ ಅದೇ ವಯಲ್‌ನಲ್ಲಿ, ಹುಡ್‌ನೊಳಗೆ. 10 ಮಿಲಿಗ್ರಾಂಗೆ ಬದಲು 11.3 ಬಂದರೆ ಅದಕ್ಕೆ ತಕ್ಕಂತೆ ದ್ರಾವಕ ಹಾಕಿದರಾಯಿತು. ಸರಿಯಾಗಿ ಹತ್ತೇ ಬರಬೇಕೆಂದು ತೆಗೆದು ಹಾಕಿ, ಹಾಕಿ ತೆಗೆಯುವ ನಮ್ಮ ಹಠದಿಂದಲೇ ಅರ್ಧ ಧೂಳು ಏಳುವುದು.

ಗ್ಲೌಸ್ ವಿಚಾರದಲ್ಲಿ ನಡೆಯುವ ಜಿಪುಣತನ ಹೇಳತೀರದು. ಇಡ್ಲಿ ಕಟ್ಟಿಕೊಡುವ ಹೋಟೆಲಿನವರು ತೊಡುವಂಥ ಪ್ಲಾಸ್ಟಿಕ್ ಕವಚವನ್ನು ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಬಳಸಿದ್ದನ್ನು ಒಣಗಿಸಿ ಮರುದಿನ ತೊಡಿಸುವವರಿದ್ದಾರೆ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್ ಬೇಕು, ಒಂದರ ಮೇಲೊಂದು ಎರಡು ಜೊತೆ ಬೇಕು, ಹೊರಗಿನದನ್ನು ಹುಡ್‌ನೊಳಗೇ ಕಳಚಬೇಕು. ಅದೂ ಸರ್ವರಕ್ಷಕವಲ್ಲ, ಡೈಕ್ಲೋರೋಮೀಥೇನ್‌ನಂಥ ದ್ರಾವಕ ತೆಳು ನೈಟ್ರೈಲನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ, ಕರಗಿದ ಸ್ಟೀರಾಯ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಕೋವಿಡ್ ಕಾಲದಲ್ಲಿ ತೊಟ್ಟ ಸರ್ಜಿಕಲ್ ಮಾಸ್ಕ್ ಈ ಧೂಳಿಗೆ ತಡೆಯಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಇಲ್ಲವೇ ಅದಕ್ಕೂ ಮೇಲಿನದೇ ಆಗಬೇಕು. ಪುಡಿ ಚೆಲ್ಲಿದರೆ ಮೊದಲ ಕೆಲಸ ಫ್ಯಾನ್ ಆರಿಸುವುದು. ಪೊರಕೆ ಮುಟ್ಟಬಾರದು. ಇವು ನೀರಿನಲ್ಲಿ ಕರಗುವುದೇ ಅಪರೂಪವಾದ್ದರಿಂದ ನೀರಿನ ಬಟ್ಟೆಯಿಂದ ಒರೆಸಿದರೆ ಬರೀ ಹರಡಿದಂತಾಗುತ್ತದೆ. ತಕ್ಕ ದ್ರಾವಕದಲ್ಲಿ ತೋಯಿಸಿದ ಟಿಶ್ಯೂವಿನಿಂದ ಹೊರಗಿನಿಂದ ಒಳಕ್ಕೆ ಒರೆಸಿ, ಆಮೇಲೆ ಸೋಪಿನ ನೀರು. ಮೈಗೆ ಬಿದ್ದರೆ ಮಾತ್ರ ಇದಕ್ಕೆ ತದ್ವಿರುದ್ಧ: ಸೋಪು ಮತ್ತು ಧಾರಾಳ ನೀರು ಮಾತ್ರ, ಆಲ್ಕೊಹಾಲು ಕೂಡದು, ಏಕೆಂದರೆ ದ್ರಾವಕವು ಪುಡಿಯನ್ನು ಚರ್ಮದೊಳಕ್ಕೆ ಇನ್ನಷ್ಟು ಸುಲಭವಾಗಿ ನುಗ್ಗಿಸುತ್ತದೆ.

ಹೆಣ್ಣುಮಕ್ಕಳ ವಿಚಾರವನ್ನು ಪ್ರತ್ಯೇಕವಾಗಿ ಹೇಳಲೇಬೇಕಾಗಿದೆ. ಫಿನಾಸ್ಟೆರೈಡ್ ಮಾತ್ರೆಯ ಪುಡಿಯನ್ನು ಅಥವಾ ಮುರಿದ ಚೂರನ್ನು ಬಸುರಿಯರು ಮುಟ್ಟಬಾರದೆಂದು ಪೊಟ್ಟಣದೊಳಗಿನ ಚೀಟಿಯಲ್ಲೇ ಬರೆದಿರುತ್ತದೆ. ಹೊಟ್ಟೆಯಲ್ಲಿರುವ ಗಂಡು ಮಗುವಿನ ಜನನಾಂಗದ ಬೆಳವಣಿಗೆಗೆ ಅದು ಅಡ್ಡಿಯಾಗಬಲ್ಲದು. ಆ ಬೆಳವಣಿಗೆಯ ನಿರ್ಣಾಯಕ ಘಟ್ಟ ಮೊದಲ ಮೂರು ತಿಂಗಳೊಳಗೇ, ಸುಮಾರು ಎಂಟನೆಯ ವಾರದಿಂದ, ಶುರುವಾಗುತ್ತದೆ. ನಮ್ಮ ಮನೆಗಳಲ್ಲಾದರೋ ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿಯನ್ನು ಹೊರಗೆ ಹೇಳಬಾರದು ಎಂಬ ವಾಡಿಕೆ. ಅಂದರೆ 'ಗರ್ಭಿಣಿಯರು ಮೇಲಧಿಕಾರಿಗೆ ತಿಳಿಸತಕ್ಕದ್ದು' ಎಂದು ಗೋಡೆಗೆ ಅಂಟಿಸಿದ ಸೂಚನೆ, ತಿಳಿಸಬೇಕಾದ ಕಾಲದಲ್ಲಿ ಯಾರ ಬಾಯನ್ನೂ ಬಿಡಿಸುವುದಿಲ್ಲ. ಹಾಗೆಂದು ಹೆಂಗಸರನ್ನು ಈ ಕೆಲಸದಿಂದಲೇ ದೂರವಿಡಿ ಎನ್ನುವವರ ಜೊತೆ ನಾನಿಲ್ಲ. ಮೇಲೆ ಹೇಳಿದ ಹುಡುಗನ ಕಥೆ ಗಂಡಸಿನದೇ ತಾನೆ. ಯಾರು ಕುಳಿತರೂ ಪುಡಿ ಹೊರಗೆ ಬಾರದಂಥ ವ್ಯವಸ್ಥೆಯಿದ್ದರೆ ಯಾರೂ ಯಾವ ಗುಟ್ಟನ್ನೂ ಬಿಟ್ಟುಕೊಡಬೇಕಾಗಿಲ್ಲ. ಕೆಲಸ ಬದಲಿಸಿಕೊಡಿ ಎಂದು ಕಾರಣ ಹೇಳದೆ ಕೇಳುವ ಹಕ್ಕು ಎಲ್ಲರಿಗೂ ಇದ್ದರೆ ಇನ್ನೂ ಒಳ್ಳೆಯದು.

ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಇನ್ನೊಬ್ಬರಿದ್ದಾರೆ, ಗಾಜಿನ ಸಾಮಾನು ತೊಳೆಯುವ ಅಟೆಂಡರ್. ನಾವು ಮೈಕ್ರೋಗ್ರಾಂ ಲೆಕ್ಕದಲ್ಲಿ ಎಚ್ಚರ ವಹಿಸಿ ಕೆಲಸ ಮುಗಿಸಿದ ಮೇಲೆ, ಉಳಿದ ದ್ರಾವಣವಿರುವ ಫ್ಲಾಸ್ಕುಗಳನ್ನು ಟ್ರೇಯಲ್ಲಿ ಜೋಡಿಸಿ ಸಿಂಕಿನ ಪಕ್ಕ ಇಟ್ಟು ಊಟಕ್ಕೆ ಹೋಗುತ್ತೇವೆ. ಅವುಗಳಲ್ಲಿ ಏನಿತ್ತೆಂದು ಆಕೆಗೆ ಗೊತ್ತಿಲ್ಲ, ಲೇಬಲ್ ಇಂಗ್ಲಿಷಿನಲ್ಲಿದೆ, ಸುರಕ್ಷತಾ ಮಾಹಿತಿಯ ಹದಿನಾರು ವಿಭಾಗಗಳ ಕಾಗದವೂ ಇಂಗ್ಲಿಷಿನಲ್ಲೇ ಇದೆ, ತರಬೇತಿಯ ಸಹಿಪುಸ್ತಕದಲ್ಲಿ ಆಕೆಯ ಸಹಿ ಮಾತ್ರ ಇರುತ್ತದೆ. ದಿನಕ್ಕೆ ನೂರಿನ್ನೂರು ಫ್ಲಾಸ್ಕು ತೊಳೆಯುವ ಆ ಕೈಗಳಲ್ಲಿರುವುದು ತೂತು ಬಿದ್ದ ರಬ್ಬರ್ ಗ್ಲೌಸ್. ಫ್ಲಾಸ್ಕುಗಳನ್ನು ದ್ರಾವಕದಿಂದ ಎರಡು ಬಾರಿ ಗಲಬರಿಸಿ, ಆ ದ್ರಾವಕವನ್ನು ತ್ಯಾಜ್ಯದ ಕ್ಯಾನಿಗೆ ಸುರಿದು, ಆಮೇಲಷ್ಟೇ ತೊಳೆಯಲು ಕಳಿಸುವುದು ಅನಲಿಸ್ಟ್‌ನ ಹೊಣೆಯಾಗಬೇಕು. ಹಾರ್ಮೋನ್ ಇದ್ದ ಸಾಮಾನಿಗೆ ಬೇರೆ ಬಣ್ಣದ ಟ್ರೇ, ಅದರ ಮೇಲೆ ಕನ್ನಡದಲ್ಲಿ ಒಂದು ಸಾಲು. ಇದಕ್ಕೆ ಎಷ್ಟು ಖರ್ಚಾದೀತು?

ಸಿಂಕಿಗೆ ಸುರಿಯುವುದರ ಬಗ್ಗೆಯೂ ಒಂದು ಮಾತು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. ಅವುಗಳಲ್ಲಿ 260ನೆಯ ಸಂಖ್ಯೆಯ ಸರೋವರಕ್ಕೆ ವಿಜ್ಞಾನಿಗಳು 2001ರಿಂದ 2003ರವರೆಗೆ ಬೇಸಿಗೆಗಳಲ್ಲಿ ಎಥಿನೈಲ್ ಎಸ್ಟ್ರಾಡಯಾಲನ್ನು ಲೀಟರಿಗೆ 5ರಿಂದ 6 ನ್ಯಾನೋಗ್ರಾಂ ಇರುವಂತೆ ಬೆರೆಸುತ್ತ ಬಂದರು. ಗಂಡು ಮೀನುಗಳಲ್ಲಿ ಹೆಣ್ತನದ ಲಕ್ಷಣಗಳು ಕಾಣಿಸಿಕೊಂಡವು, ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ನಶಿಸುವ ಅಂಚಿಗೆ ಬಂತು. ಆ ಲೆಕ್ಕದಲ್ಲಿ ಒಂದೇ ಒಂದು ಗ್ರಾಂ ಪುಡಿ 20 ಕೋಟಿ ಲೀಟರ್ ನೀರಿಗೆ ಸಾಕಾಗುತ್ತದೆ. ನಗರದ ಕೆರೆಗಳಿಗೆ ಈಗಾಗಲೇ ಹರಿಯುತ್ತಿರುವುದೇ ಸಾಕಷ್ಟಿದೆ.

ಕಾನೂನು ಇಲ್ಲವೇ ಎಂದರೆ, ತಯಾರಕರಿಗೆ ಇದೆ. ಔಷಧ ನಿಯಮಗಳ ಎಂ ಅನುಸೂಚಿಯು ಲೈಂಗಿಕ ಹಾರ್ಮೋನ್‌ಗಳ ತಯಾರಿಕೆಗೆ ಪ್ರತ್ಯೇಕ ವ್ಯವಸ್ಥೆ ಬೇಕೆನ್ನುತ್ತದೆ. ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳಲ್ಲಿ ಕಾರ್ಮಿಕರ ಆರೋಗ್ಯದ ದಾಖಲೆ ಇಡಬೇಕೆಂಬ ನಿಯಮವೂ ಹಳೆಯದೇ. ದೊಡ್ಡ ಕಂಪನಿಗಳು ವಿದೇಶಿ ತಪಾಸಕರ ಭಯಕ್ಕಾದರೂ ಇದನ್ನು ಪಾಲಿಸುತ್ತವೆ, ಕೆಲವು ನಿಜಕ್ಕೂ ಅಚ್ಚುಕಟ್ಟಾಗಿ ಪಾಲಿಸುತ್ತವೆ. ಬಿಟ್ಟುಹೋಗಿರುವುದು ಕಾರ್ಖಾನೆ ಎನ್ನಿಸಿಕೊಳ್ಳದ ಕಾಲೇಜುಗಳು, ಹತ್ತು ಜನರ ಪುಟ್ಟ ಟೆಸ್ಟಿಂಗ್ ಲ್ಯಾಬುಗಳು, ಸಂಶೋಧನಾ ವಿದ್ಯಾರ್ಥಿಗಳ ಕೊಠಡಿಗಳು. ಕಾಲೇಜಿಗೆ ಮಾನ್ಯತೆ ಕೊಡಲು ಬರುವ ಪರಿಶೀಲನಾ ತಂಡದವರು ಫ್ಯೂಮ್ ಹುಡ್ ಇದೆಯೇ ಎಂದು ಕೇಳಿ ಟಿಕ್ ಹಾಕುತ್ತಾರೆ. ಸ್ವಿಚ್ ಒತ್ತಿ, ಬಾಗಿಲ ಬಳಿ ಒಂದು ಟಿಶ್ಯೂ ಚೂರು ಹಿಡಿದು ಅದು ಒಳಕ್ಕೆ ವಾಲುತ್ತದೆಯೇ ಎಂದು ನೋಡುವುದಿಲ್ಲ. ವಿಶ್ವವಿದ್ಯಾಲಯಗಳು ಸಂಶೋಧನಾ ಪ್ರಸ್ತಾವಕ್ಕೆ ಅನುಮತಿ ಕೊಡುವಾಗ ಹಾರ್ಮೋನ್ ಪುಡಿಯನ್ನು ಎಲ್ಲಿ ತೂಗುವಿರಿ, ಯಾರು ತೂಗುವರು, ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ವೈದ್ಯರಲ್ಲಿ ನನ್ನ ವಿನಂತಿ ಒಂದೇ: ಇಂಥ ತೊಂದರೆ ಹೇಳಿಕೊಂಡು ಬಂದವರನ್ನು ಏನು ಕೆಲಸ ಮಾಡುತ್ತೀರಿ ಎಂದೂ ಕೇಳಿ.

ನನಗೀಗ ಬಿಡುವಿದೆ. ಬೆಂಗಳೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳಬಹುದಾದ ಯಾವ ಕಾಲೇಜಿನವರು ಕರೆದರೂ ಬಂದು ಹಳದಿ ಪುಡಿಯ ಆಟವನ್ನು ಆಡಿಸಿ ತೋರಿಸುತ್ತೇನೆ. ಲ್ಯಾಕ್ಟೋಸ್, ರೈಬೋಫ್ಲೇವಿನ್, ಯುವಿ ದೀಪ ನಾನೇ ತರುತ್ತೇನೆ. ಪರದೆ ಎಳೆದರೆ ಕತ್ತಲಾಗುವ ಒಂದು ಕೋಣೆಯನ್ನು ಕೊಟ್ಟು, ಅಟೆಂಡರ್‌ಗಳನ್ನೂ ಒಳಗೆ ಕೂರಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಔಷಧ ವಿಶ್ಲೇಷಕ
ಬೆಂಗಳೂರು